ಒಂದಾಣೆಯ ಸುಖ

ಬ್ಯಾಂಕಿನಿಂದ 'ಬಾಕಿ ಇಲ್ಲ' ಎಂಬ ದಾಖಲೆ ಕೈಗೆ ಬಂದ ದಿನ, ಅಕ್ಕಲಕೋಟೆಯ ಪೇಟೆಯಿಂದ ಪೇಢೆ ತಂದು ಓಣಿಗೆಲ್ಲ ಹಂಚಿದೆ. ಹನ್ನೊಂದು ವರ್ಷಗಳ ಭಾರವು ಹೆಗಲಿನಿಂದ ಇಳಿದಿತ್ತು.

ಆ ಸಂತೋಷಕ್ಕೆ ಬುದ್ಧದೇವನು ಒಂದು ಹೆಸರನ್ನೇ ಇಟ್ಟಿರುವನೆಂದು ತಿಳಿದುದು ಅನಂತರ. ಅಂಗುತ್ತರ ನಿಕಾಯದಲ್ಲಿ ಅದು 'ಅನಣ ಸುಖ', ಎಂದರೆ ಋಣವಿಲ್ಲದವನ ಸುಖ. ಆ ಉಪದೇಶವನ್ನು ಪಡೆದವನು ಶ್ರಾವಸ್ತಿಯ ಶ್ರೇಷ್ಠಿ ಅನಾಥಪಿಂಡಿಕ. ಜೇತ ರಾಜಕುಮಾರನ ಉದ್ಯಾನದ ನೆಲಕ್ಕೆ ಹೊನ್ನಿನ ನಾಣ್ಯ ಹಾಸಿ ಕೊಂಡು, ಸಂಘಕ್ಕೆ ವಿಹಾರ ಕಟ್ಟಿಸಿಕೊಟ್ಟನೆಂದು ಪ್ರಸಿದ್ಧನಾದ ಧನಿಕ. ಅಂಥವನಿಗೂ ಭಗವಾನನು ಅಲ್ಲಿ ಎಲ್ಲವನ್ನೂ ತೊರೆದು ಬಾ ಎನ್ನಲಿಲ್ಲ. ಗೃಹಸ್ಥನಿಗೆ ನಾಲ್ಕು ಸುಖಗಳುಂಟು ಎಂದನು. ನ್ಯಾಯದಿಂದ, ಬೆವರು ಸುರಿಸಿ ಗಳಿಸಿದ್ದು ತನ್ನಲ್ಲಿದೆ ಎಂಬುದೊಂದು; ಅದನ್ನು ತಾನು ಅನುಭವಿಸಿ, ಪುಣ್ಯಕಾರ್ಯಕ್ಕೂ ಬಳಸುವುದು ಇನ್ನೊಂದು; ಸಾಲವಿಲ್ಲದಿರುವುದು ಮೂರನೆಯದು. ಬೌದ್ಧಧರ್ಮವೆಂದರೆ ಕಾಷಾಯ, ಭಿಕ್ಷಾಪಾತ್ರೆ ಎಂದಷ್ಟೇ ತಿಳಿದಿದ್ದ ನನಗೆ ಇದು ಬಹಳ ಹಿಡಿಸಿತು. ನನ್ನ ಪೇಢೆಗೆ ಶಾಸ್ತ್ರಾಧಾರವೇ ದೊರೆತಂತಾಯಿತು!

ನಾಲ್ಕನೆಯದು ಮಾತ್ರ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಕಾಯಾ ವಾಚಾ ಮನಸಾ ನಿರ್ದೋಷಿಯಾಗಿರುವ ಸುಖವದು. ಮೊದಲಿನ ಮೂರೂ ಅದರ ಹದಿನಾರನೆಯ ಒಂದು ಪಾಲಿಗೂ ಸಮವಲ್ಲವಂತೆ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ರೂಪಾಯಿಯ ಎದುರು ಒಂದಾಣೆಯೂ ಅಲ್ಲ.

ನನ್ನ ಸಾಲ ತೀರಿದ್ದಾದರೂ ಹೇಗೆ? ತಂದೆಯವರು ತೀರಿಕೊಂಡ ಬಳಿಕ, ಇಂಡಿ ತಾಲ್ಲೂಕಿಗೆ ಕೊಟ್ಟಿದ್ದ ತಂಗಿಯನ್ನು ಕರೆಯಿಸಿ ಹಕ್ಕಸೋಡ ಪತ್ರಕ್ಕೆ ಸಹಿ ಹಾಕಿಸಿದೆ. 2005ರ ತಿದ್ದುಪಡಿಯಂತೆ ಮನೆತನದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬುದನ್ನು ನಾನು ಬಲ್ಲೆ, ಅವಳೂ ಬಲ್ಲವಳಿದ್ದಿರಬೇಕು. "ಅಣ್ಣಾ, ತವರಮನಿ ಬಾಗಿಲಾ ತೆರೆದಿದ್ದರ ಸಾಕು" ಎಂದಳು. ಉಡಿ ತುಂಬಿ, ಇಳಕಲ್ ಸೀರೆ ಉಡಿಸಿ ಕಳುಹಿಸಿದೆ. ಆ ವರುಷವೇ ಎರಡು ಎಕರೆ ಮಾರಿ ಸಾಲ ಮುಟ್ಟಿಸಿದೆ. ಕಾಗದಪತ್ರಗಳಲ್ಲಿ ದೋಷವೇನೂ ಇರಲಿಲ್ಲ.

ಧನದ ಮೋಹವೆಂದರೆ ಜಿಪುಣನ ತಿಜೋರಿ ಎಂದು ಭಾವಿಸಿದ್ದೆ. ಅದು ಸಾಲ ತೀರಿಸುವ ಮರ್ಯಾದಸ್ಥನ ವೇಷದಲ್ಲಿಯೂ ಮನೆಯೊಳಗೆ ಬರುವುದೆಂದು ಅರಿತಿರಲಿಲ್ಲ.

ಕಳೆದ ನಾಗರ ಪಂಚಮಿಗೆ ತಂಗಿ ಬಂದಾಗ, ಉಳಿದ ಹೊಲದಲ್ಲಿ ಅವಳ ಪಾಲನ್ನು ಅವಳ ಹೆಸರಿಗೆ ಮಾಡಿಸುವ ಮಾತೆತ್ತಿದೆ. ಬಹಳ ಹೊತ್ತು ಅವಳು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ಅಪ್ಪ ನೆಟ್ಟ ಹುಣಸೆಯ ಮರ ಯಾರ ಪಾಲಿಗೆ ಬರುತ್ತದೆ ಎಂದು ಕೇಳಿದಳು.