ಮರೆವಲ್ಲ, ಸುಳ್ಳು ನೆನಪು

ಲ್ಯಾಪ್‌ಟಾಪ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮದ್ದು... "ಫಾರ್ಮ್ಯಾಟ್ ಮಾಡಿಸಿಬಿಡಿ". ನೆಗಡಿಗೂ ಮುರಿದ ಕಾಲಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಅಕ್ಕನ ಆರು ವರ್ಷದ ಲ್ಯಾಪ್‌ಟಾಪಿಗೂ ಅಂಗಡಿಯವರು ಬರೆದುಕೊಟ್ಟದ್ದು ಅದನ್ನೇ. ಆದರೆ ಅದರಲ್ಲಿ ಹೋದ ವರ್ಷ ತೀರಿಕೊಂಡ ಅಜ್ಜಿಯ ದನಿ ಇತ್ತು. ಸೋಬಾನೆ ಪದಗಳು, ಒಟ್ಟು 41 ಫೈಲು. ಬೇರೆಲ್ಲೂ ಪ್ರತಿ ಇಲ್ಲ.

ಲಕ್ಷಣ ವಿಚಿತ್ರವಾಗಿತ್ತು. ನೀಲಿ ಪರದೆ ಬರ್ತಿತ್ತು, ಪ್ರತಿಸಲ ಬೇರೆಯದೇ ದೂರು. ಒಮ್ಮೆ ಬ್ರೌಸರ್ ಸಾಯೋದು, ಇನ್ನೊಮ್ಮೆ ಜಿಪ್ ಫೈಲ್ ಕೆಟ್ಟಿದೆ ಅನ್ನೋದು. ಮತ್ತೆ ಆನ್ ಮಾಡಿ ನೋಡಿದರೆ ಅದೇ ಫೈಲು ಸರಿಯಾಗೇ ಇರೋದು. ಸಾಫ್ಟ್‌ವೇರಿನ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತೆ. ಹೀಗೆ ಕಂಡಕಂಡಲ್ಲಿ ಎಡವಿದರೆ ರ‍್ಯಾಮ್ ಮೇಲೆ ಗುಮಾನಿ ಪಡಬೇಕು.

"ಮೊದ್ಲು ಪೆನ್‌ಡ್ರೈವಿಗೆ ಹಾಕ್ಕೊಡೋ" ಅಂದಳು ಅಕ್ಕ. ಬೇಡ ಅಂದೆ. ಕಾಪಿ ಆಗೋ ಫೈಲು ರ‍್ಯಾಮ್ ಹಾದೇ ಹೋಗಬೇಕು. ಅಲ್ಲಿ 0 ಇದ್ದ ಒಂದು ಬಿಟ್ 1 ಆದರೂ ಕೆಟ್ಟ ಪ್ರತಿಯೇ ಪೆನ್‌ಡ್ರೈವಿಗೆ ಇಳಿಯುತ್ತೆ, ಯಾವ ಎರರ್ರೂ ಬರದೇ ಇರಬಹುದು. ಇಂಥ ತಪ್ಪು ಹಿಡಿಯೋ ಇಸಿಸಿ ಮೆಮೊರಿ ಸರ್ವರ್‌ಗಳಲ್ಲಿರುತ್ತೆ, ನಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರಲ್ಲ. ಮರೆಯೋ ಯಂತ್ರ ಪರವಾಗಿಲ್ಲ ಸ್ವಾಮಿ, ತಪ್ಪು ನೆನಪನ್ನ ಧೈರ್ಯವಾಗಿ ಒಪ್ಪಿಸೋ ಯಂತ್ರದ್ದೇ ಭಯ.

ಹಾಗಾಗಿ ಲ್ಯಾಪ್‌ಟಾಪ್ ಆಫ್ ಮಾಡಿ, ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ನನ್ನ ಮಷೀನಿನಲ್ಲಿ ಕಾಪಿ ಮಾಡಿಕೊಂಡೆ. 41 ಫೈಲನ್ನೂ ಪೂರ್ತಿ ಕೇಳಿದ್ವಿ. ಒಂದರಲ್ಲಿ ಅಜ್ಜಿ ಪದದ ನಡುವೆ ನಿಂತು, "ಮುಂದಿಂದು ಮರ್ತೋಯ್ತು ಕಣ್ರೇ" ಅಂತ ನಗ್ತಾಳೆ. ಅಕ್ಕ ಅದನ್ನ ಮೂರು ಸಲ ಹಾಕಿಸಿದಳು.

ಆಮೇಲೆ ಚಿಕಿತ್ಸೆ. ಮೆಮ್‌ಟೆಸ್ಟ್86+ ಅನ್ನೋ ಉಚಿತ ತಂತ್ರಾಂಶವನ್ನ ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಪರದೆ ತುಂಬ ಎರರ್ರು. ಬ್ಯಾಟರಿ ಕಳಚಿ, 4 ಜಿಬಿಯ ಎರಡು ಸ್ಟಿಕ್ಕುಗಳನ್ನ ಒಂದೊಂದಾಗಿ, ಎರಡೂ ಸ್ಲಾಟಿನಲ್ಲಿ ಹಾಕಿ ಪರೀಕ್ಷೆ ಮಾಡಿದೆ. ಒಂದು ಸ್ಟಿಕ್ಕು ಎಲ್ಲಿ ಹಾಕಿದರೂ ಎರರ್. ಇನ್ನೊಂದು ಎರಡರಲ್ಲೂ ಶುದ್ಧ. ಅಂದರೆ ಸ್ಲಾಟು ಸರಿ ಇದೆ, ಸ್ಟಿಕ್ಕೇ ಕೆಟ್ಟಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬೇರೆ ಸ್ಟಿಕ್ ತಂದು ಹಾಕಿದ ಮೇಲೆ ನೀಲಿ ಪರದೆ ಬಂದಿಲ್ಲ. ಫಾರ್ಮ್ಯಾಟೂ ಬೇಕಾಗಲಿಲ್ಲ :)

ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಹೀಗೆ ಬಿಚ್ಚೋಕಾಗಲ್ಲ. ನಿಮ್ಮ ಮನೇಲೂ ಒಂದೇ ಪ್ರತಿ ಇರೋ ದನಿ ಇದ್ದರೆ, ಯಂತ್ರ ಆರೋಗ್ಯವಾಗಿರುವಾಗಲೇ ಇನ್ನೆರಡು ಕಡೆ ಇಡಿ. ಇಟ್ಟಮೇಲೆ ಒಮ್ಮೆ ಕೇಳಿ ನೋಡಿ.