ಇಂಜಿನ್ ತಂಪೋ, ಮನಸ್ಸು ತಂಪೋ?

ನಮ್ಮ ಸಿನಿಮಾಗಳಲ್ಲಿ ಕಾರು ಕೆಡುವುದಕ್ಕೂ ಒಂದು ಮುಹೂರ್ತವಿದೆ! ನಾಯಕಿ ಒಬ್ಬಳೇ ಬರುತ್ತಿರಬೇಕು. ಸುತ್ತಮುತ್ತ ಊರಿರಬಾರದು. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಏಳಬೇಕು. ಆಗ ನಮ್ಮ ಹೀರೋ ಪ್ರತ್ಯಕ್ಷ! ಹೆಗಲ ಮೇಲಿನ ಟವೆಲ್ಲಿನಿಂದ ರೇಡಿಯೇಟರ್ ಮುಚ್ಚಳ ತಿರುಗಿಸಿ ಒಂದು ಕೊಡ ನೀರು ಸುರಿದನೋ ಇಲ್ಲವೋ, ಗಾಡಿಯೂ ಸ್ಟಾರ್ಟ್, ಹಾಡೂ ಸ್ಟಾರ್ಟ್! ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಸುಳ್ಳೇಕೆ ಹೇಳಲಿ? ಆದರೆ ಮಿತ್ರರೇ, ಇದೇ ದೃಶ್ಯ ಮೇ ತಿಂಗಳ ಮಟಮಟ ಮಧ್ಯಾಹ್ನ ದೇವದುರ್ಗದ ರಸ್ತೆಯಲ್ಲಿ ನಡೆದರೆ ಹಾಡು ಬರುವುದಿಲ್ಲ. ಹಗ್ಗ ಕಟ್ಟಿ ಎಳೆಯಲು ಟ್ರ್ಯಾಕ್ಟರ್ ಬರುತ್ತದೆ.

ನಾನು ಶಕ್ತಿನಗರದವನು. ಬಾಡಿಗೆ ಕಾರು ಓಡಿಸುವುದು ನನ್ನ ಕಸುಬು. ರಾಯಚೂರು ಸ್ಟೇಷನ್ನು, ಮಂತ್ರಾಲಯ, ಮಾನ್ವಿ, ದೇವದುರ್ಗ, ಮದುವೆ, ಆಸ್ಪತ್ರೆ... ಕರೆದಲ್ಲಿಗೆ ಹೋಗುವವನು. ನಮ್ಮ ಜಿಲ್ಲೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿ ಕೂತಾಗ ನಮಗೆ ಆ ನಗು ಬರುವುದಿಲ್ಲ. ಅಂಥ ದಿನಗಳಲ್ಲೇ ನೋಡಿ, ಬಿಡಿಭಾಗದ ಅಂಗಡಿಗಳ ಕೌಂಟರಿನ ಮೇಲೆ ಬಣ್ಣಬಣ್ಣದ ಬಾಟಲಿಗಳು ಸಾಲಾಗಿ ನಿಲ್ಲುವುದು. ಇದು ಕೂಲೆಂಟ್ ಅಲ್ಲ, ಕೂಲೆಂಟಿಗೆ ಬೆರೆಸುವ ಇನ್ನೊಂದು ಔಷಧ! "ಒಂದು ಬಾಟಲಿ ಹಾಕಿ, ಇಂಜಿನ್ ತಣ್ಣಗಾಗುತ್ತೆ" ಎಂಬ ಭರವಸೆ ಬೇರೆ. ನಿಜವಾಗಿಯೂ ಆಗುತ್ತದೆಯೇ?

ನನ್ನ ಗೆಳೆಯನೊಬ್ಬ ಸಾಲ ಮಾಡಿ ಹಳೆಯ ಡೀಸೆಲ್ ಕಾರೊಂದನ್ನು ಕೊಂಡಿದ್ದ. ತಿಂಗಳು ತಿಂಗಳು ಕಂತು. ಬೇಸಿಗೆ ಬಂದದ್ದೇ ತಡ, ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಪೇಟೆಯ ಅಂಗಡಿಯವರೊಬ್ಬರು ಬಾನೆಟ್ಟನ್ನೂ ತೆರೆಸದೆ ಬಾಟಲಿ ಕೈಗಿಟ್ಟರು. ಇವನು ತಂದು ಸುರಿದ. ಮರುದಿನ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮುಖ ಅರಳಿತ್ತು.

"ಅಣ್ಣಾ, ಮುಳ್ಳು ಇಳಿದಂಗ ಕಾಣ್ತದ. ನೀನೂ ಒಂದು ಹಾಕಿಬಿಡು."

"ಇಳದದೋ, ಇಳಿದಂಗ ಕಾಣ್ತದೋ?"

"ಏನೋ ಒಂದು. ಮನಸ್ಸಿಗೆ ತಂಪಾತಲ್ಲ!"

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮೂರನೇ ವಾರ ಅವನು ದೇವದುರ್ಗದ ಕಡೆಯಿಂದ ತುಂಬು ಗರ್ಭಿಣಿಯೊಬ್ಬಳನ್ನು ರಾಯಚೂರಿನ ಆಸ್ಪತ್ರೆಗೆ ಕರೆತರುತ್ತಿದ್ದ. ನಡುದಾರಿಯಲ್ಲಿ ಹಬೆ ಎದ್ದು ಗಾಡಿ ನಿಂತೇಬಿಟ್ಟಿತು. ಹಿಂದೆ ಬಂದ ಕ್ರೂಸರ್ ಗಾಡಿಯವರು ಜನರನ್ನು ಇಳಿಸಿ ಆಕೆಯನ್ನು ಹತ್ತಿಸಿಕೊಂಡರು. ತಾಯಿ-ಮಗು ಇಬ್ಬರೂ ಕ್ಷೇಮ, ದೇವರು ದೊಡ್ಡವನು. ಆದರೆ ಗಾಡಿ?

ಗ್ಯಾರೇಜಿನ ಉಸ್ತಾದ್ ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿತ್ತು. ರೇಡಿಯೇಟರ್ ಬಿಚ್ಚಿದರೆ ಕೊಳವೆಗಳ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಉಪ್ಪು!

"ಯಾವ ನೀರು ಹಾಕ್ತಿದ್ದಿ?"

"ಬೋರಿನ ನೀರು ರೀ, ಉಸ್ತಾದ್."

"ನಳದ ಬಾಯಿ ಕಟ್ಟಿಕೊಂಡದ, ನೀ ನೀರಿಗೆ ಅತ್ತರ್ ಹಾಕೀನಿ ಅಂತೀಯಲ್ಲೋ ತಮ್ಮಾ!"

ಹೆಡ್ ಬಿಚ್ಚಿ, ಲೇತಿನಲ್ಲಿ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿ ಗಾಡಿ ಹೊರಬರುವಷ್ಟರಲ್ಲಿ ಮೂರು ಕಂತಿನ ದುಡ್ಡು ನೀರಿನಂತೆ ಹರಿದಿತ್ತು. ಮಗಳ ಶಾಲೆಯ ಫೀಸಿಗೆ ಇಟ್ಟಿದ್ದ ಹಣವೂ ಅದರಲ್ಲೇ ಸೇರಿತು.

ಈಗ ಒಳಗಿನ ಕಥೆಗೆ ಬರೋಣ. ಇಂಜಿನ್ನಿನಲ್ಲಿ ಉರಿಯುವ ಡೀಸೆಲ್ಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೂಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ. ಉಳಿದ ಬಹುಪಾಲು ಬಿಸಿಯನ್ನು ರೇಡಿಯೇಟರ್ ಹೊರಹಾಕಬೇಕು. ಇಲ್ಲಿ ನೀರು ಬರೀ ಹಮಾಲಿ. ಇಂಜಿನ್ನಿನಿಂದ ಬಿಸಿ ಹೊತ್ತು ರೇಡಿಯೇಟರಿಗೆ ತರುತ್ತದೆ, ಅಷ್ಟೇ. ಕೊನೆಗೆ ಆ ಬಿಸಿಯನ್ನು ಇಳಿಸಿಕೊಳ್ಳುವುದು ಹೊರಗಿನ ಗಾಳಿ. ಶಂಕರ್‌ನಾಗ್ ಅವರ 'ಆಟೋ ರಾಜ' (1980) ನೋಡಿದ್ದೀರಲ್ಲ? ಆ ಕಾಲದ ಆಟೋಗಳಿಗೆ ರೇಡಿಯೇಟರೇ ಇರಲಿಲ್ಲ. ಹಮಾಲಿಯ ಹಂಗಿಲ್ಲದೆ ಗಾಳಿಯೇ ನೇರವಾಗಿ ಇಂಜಿನ್ನನ್ನು ತಣಿಸುತ್ತಿತ್ತು.

ಗಾಳಿಯೇ ಬಿಸಿಯಾದರೆ? ರೇಡಿಯೇಟರಿನ ನೀರು 90 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದರೆ ನಡುವಿನ ಅಂತರ 65. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಅದು 48ಕ್ಕೆ ಇಳಿಯುತ್ತದೆ. ಬಿಸಿ ಬಿಟ್ಟುಕೊಡುವ ವೇಗ ಈ ಅಂತರವನ್ನೇ ನಂಬಿದೆ. ಅಂದರೆ ಅದೇ ರೇಡಿಯೇಟರ್ ರಾಯಚೂರಿನ ಬೇಸಿಗೆಯಲ್ಲಿ ರೂಪಾಯಿಗೆ ಹನ್ನೆರಡಾಣೆ ಕೆಲಸ ಮಾತ್ರ ಮಾಡೀತು! ಅದರ ಮುಂದೆ ಏ.ಸಿ.ಯ ಕಂಡೆನ್ಸರ್ ಬೇರೆ ಕೂತು ಒಳಬರುವ ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ. ಬಾಟಲಿಯ ಔಷಧ ಹೊರಗಿನ ಗಾಳಿಯನ್ನು ತಣಿಸುವುದಿಲ್ಲ. ಕಟ್ಟಿದ ಕೊಳವೆಯನ್ನು ಬಿಡಿಸುವುದಿಲ್ಲ. ನಿಂತ ಫ್ಯಾನನ್ನು ತಿರುಗಿಸುವುದಿಲ್ಲ.

ಇನ್ನೊಬ್ಬ ಪಾತ್ರಧಾರಿ ಇದ್ದಾನೆ, ಹೆಸರು ಥರ್ಮೋಸ್ಟಾಟ್. ಇಂಜಿನ್ ಮತ್ತು ರೇಡಿಯೇಟರ್ ನಡುವಿನ ಪುಟ್ಟ ಬಾಗಿಲು ಅದು. ಒಳಗಿನ ಮೇಣ ಕರಗಿ ಉಬ್ಬಿದಾಗ, ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ, ತೆರೆಯುತ್ತದೆ. ನೀರು ತಣ್ಣಗಾದರೆ ತಾನೇ ಮುಚ್ಚಿಕೊಳ್ಳುತ್ತದೆ. ಇಂಜಿನ್ನಿಗೂ ಅತಿ ತಂಪು ಒಳ್ಳೆಯದಲ್ಲ. ಸವೆತ ಹೆಚ್ಚು, ಡೀಸೆಲ್ ಖರ್ಚೂ ಹೆಚ್ಚು. ಹೀಗಾಗಿ ಸರಿಯಾಗಿರುವ ಗಾಡಿಯಲ್ಲಿ ಎಷ್ಟು ಬಿಸಿ ಇರಬೇಕೆಂದು ತೀರ್ಮಾನಿಸುವ ನಿರ್ದೇಶಕ ಥರ್ಮೋಸ್ಟಾಟೇ. ಬಾಟಲಿಯದು ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಪಾತ್ರ!

ನನಗೂ ಹಠ ಬಂತು. ನಾನೂ ಒಂದು ಬಾಟಲಿ ತಂದೆ. ನನ್ನ ಗಾಡಿಯ ರೇಡಿಯೇಟರ್ ಸ್ವಚ್ಛ, ಕೂಲೆಂಟ್ ಹೊಸದು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಲಿಲ್ಲ. ಈಗಿನ ಅನೇಕ ಗಾಡಿಗಳಲ್ಲಿ ಬಿಸಿ ಹತ್ತು ಡಿಗ್ರಿ ಏರಿಳಿದರೂ ಆ ಮುಳ್ಳು ನಡುವೆಯೇ ಕೂತಿರುತ್ತದೆ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಡಿಗ್ರಿ ತೋರಿಸುವ ಸಣ್ಣ ಯಂತ್ರ ಹಚ್ಚಿದೆ. ಅದೇ ಮಾನ್ವಿ ರಸ್ತೆ, ಅದೇ ಮಧ್ಯಾಹ್ನದ ಹೊತ್ತು, ಅದೇ ನಾಲ್ಕು ಜನ. ಮೊದಲ ದಿನ ಬಾಟಲಿ ಇಲ್ಲದೆ, ಮರುದಿನ ಬಾಟಲಿ ಹಾಕಿ. ಎರಡೂ ದಿನ ಅಂಕಿ 90 ಮತ್ತು 95ರ ನಡುವೆಯೇ ಆಡುತ್ತಿತ್ತು! ಒಂದೇ ಗಾಡಿಯ ಒಂದೇ ಪರೀಕ್ಷೆ ಶಾಸ್ತ್ರವಲ್ಲ, ಒಪ್ಪುತ್ತೇನೆ. ಆದರೆ ಥರ್ಮೋಸ್ಟಾಟಿನ ಲೆಕ್ಕಕ್ಕೂ ಅದಕ್ಕೂ ತಾಳೆಯಾಯಿತು.

ಹಾಗಾದರೆ ಬಾಟಲಿ ಪೂರಾ ಬೊಗಳೆಯೇ? ಅಲ್ಲ, ಅನ್ಯಾಯ ಮಾಡಬಾರದು. ಇಂಥ ಎಷ್ಟೋ ಬಾಟಲಿಗಳಲ್ಲಿ ನೀರಿನ ಮೇಲ್ಮೈ ಎಳೆತವನ್ನು, ಅಂದರೆ ಹನಿಯನ್ನು ದುಂಡಗೆ ಹಿಡಿದಿಡುವ ಗುಣವನ್ನು, ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ. ಸಾಬೂನು ನೀರು ಬಟ್ಟೆಗೆ ಬೇಗ ಇಳಿಯುವುದಿಲ್ಲವೇ, ಹಾಗೆ. ಇಂಜಿನ್ ಹೆಡ್ಡಿನ ಕಾದ ಜಾಗಗಳಲ್ಲಿ ಅಂಟಿದ ಹಬೆಯ ಗುಳ್ಳೆಗಳು ಬೇಗ ಬಿಡುತ್ತವೆ, ನೀರು ಲೋಹವನ್ನು ಚೆನ್ನಾಗಿ ಮುಟ್ಟುತ್ತದೆ. ಅನೇಕ ರೇಸ್ ಟ್ರ್ಯಾಕುಗಳಲ್ಲಿ ಗ್ಲೈಕಾಲ್ ಕೂಲೆಂಟಿಗೆ ಪ್ರವೇಶವಿಲ್ಲ, ಚೆಲ್ಲಿದರೆ ರಸ್ತೆ ಜಾರುತ್ತದೆಂದು. ಅಲ್ಲಿ ಬರೀ ನೀರಿನಲ್ಲಿ ಪೂರ್ತಿ ದಮ್ಮು ಕಟ್ಟಿ ಓಡುವ ಇಂಜಿನ್ನಿಗೆ ಇದರಿಂದ ಕೆಲವು ಡಿಗ್ರಿ ಲಾಭವಾಗಬಹುದು. ಆದರೆ ನಮ್ಮ ಗಾಡಿಗಳಲ್ಲಿ ಇರುವುದು ಅರ್ಧ ನೀರು, ಅರ್ಧ ಗ್ಲೈಕಾಲ್. ಗ್ಲೈಕಾಲಿಗೆ ಮೇಲ್ಮೈ ಎಳೆತ ಮೊದಲೇ ಕಡಿಮೆ. ಬಾಟಲಿ ಬಂದು ಮಾಡುವ ಕೆಲಸವೂ ಅಲ್ಲಿ ಕಡಿಮೆ.

ತಮಾಷೆ ಕೇಳಿ. ತೂಕಕ್ಕೆ ತೂಕ ನೋಡಿದರೆ ಬಿಸಿ ಹೊರುವುದರಲ್ಲಿ ಬರೀ ನೀರೇ ಗಟ್ಟಿಗ. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಬೇಕು. ಅರ್ಧರ್ಧ ಮಿಶ್ರಣಕ್ಕೆ ಸುಮಾರು 3.4 ಸಾಕು. ಮತ್ತೇಕೆ ಕೂಲೆಂಟ್? ತುಕ್ಕು ತಡೆಯಲು ಮತ್ತು ಕುದಿಯುವುದನ್ನು ಮುಂದೂಡಲು. ಬರೀ ನೀರು 100 ಡಿಗ್ರಿಗೆ ಕುದಿದರೆ ಅರ್ಧರ್ಧ ಮಿಶ್ರಣ ಸುಮಾರು 107ಕ್ಕೆ. ಮೇಲೆ ಒತ್ತಡ ಹಿಡಿಯುವ ಮುಚ್ಚಳ ಗಟ್ಟಿಯಾಗಿದ್ದರೆ ಇನ್ನೂ 20 ಡಿಗ್ರಿಯಷ್ಟು ಮೇಲೆ. ಆ ಮುಚ್ಚಳದ ರಬ್ಬರ್ ಹರಿದಿದ್ದರೆ ಎಂಥ ಕೂಲೆಂಟ್ ಇದ್ದರೂ ಆ ಲಾಭ ಹೋಯಿತು!

ಇದನ್ನು ಶಕ್ತಿನಗರದವರಿಗೆ ಬೇರೆಯವರು ಹೇಳಿಕೊಡಬೇಕೆ? ನಮ್ಮೂರು ಇರುವುದೇ ಕೃಷ್ಣೆಯ ದಡದ ಉಷ್ಣ ವಿದ್ಯುತ್ ಸ್ಥಾವರದಿಂದ. 1985ರಲ್ಲಿ ಮೊದಲ ಘಟಕ ಶುರುವಾಯಿತು. ಆಮೇಲೆ ಒಂದೊಂದಾಗಿ ಸೇರಿ 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು, ಒಟ್ಟು 1720 ಮೆಗಾವಾಟ್ ಆಯಿತು. ಅಲ್ಲಿಯೂ ಲೆಕ್ಕ ಕಾರಿನದೇ! ಕಲ್ಲಿದ್ದಲಿನ ಬಿಸಿಯಲ್ಲಿ ಕರೆಂಟ್ ಆಗುವುದು ಸುಮಾರು ಮೂರನೇ ಒಂದು ಪಾಲು, ಉಳಿದದ್ದರಲ್ಲಿ ಬಹುಪಾಲನ್ನು ತಣಿಸಿ ಕಳಿಸಲು ನೀರು ಬೇಕು. ಅದಕ್ಕೇ ಹೊಳೆಯ ದಡ. ಉಷ್ಣ ಸ್ಥಾವರಗಳಲ್ಲಿ ಬಾಯ್ಲರಿಗೆ ಹೋಗುವ ನೀರಿನಿಂದ ಲವಣವನ್ನೆಲ್ಲ ತೆಗೆದಿರುತ್ತಾರೆ, ಯಾಕೆಂದರೆ ಕೊಳವೆಯಲ್ಲಿ ಉಪ್ಪು ಕಟ್ಟಿದರೆ ಬಿಸಿ ದಾಟುವುದಿಲ್ಲ, ಕೊಳವೆಯೇ ಸುಟ್ಟುಹೋಗುತ್ತದೆ. ತಣಿಸುವ ನೀರಿಗೆ ರಾಸಾಯನಿಕ ಹಾಕುವುದೂ ಉಂಟು. ಅದು ಉಪ್ಪು, ತುಕ್ಕು, ಪಾಚಿ ಕಟ್ಟದಿರಲೆಂದು, ನೀರು ತಣ್ಣಗಾಗಲೆಂದಲ್ಲ. ಅಷ್ಟು ದೊಡ್ಡ ಯಂತ್ರಕ್ಕೆ ಇರುವ ನ್ಯಾಯವೇ ನಮ್ಮ ಬಾಡಿಗೆ ಕಾರಿಗೂ.

ಬಾಟಲಿ ಗೆಳೆಯನ ಇಂಜಿನ್ನನ್ನು ಕೆಡಿಸಲಿಲ್ಲ. ಅದು ಅವನ ಭಯವನ್ನು ತಣಿಸಿತು, ಅದೇ ಕೇಡಾಯಿತು. ಮುಳ್ಳು ಏರುವುದು ಗಾಡಿ ಕೊಡುವ ಎಚ್ಚರಿಕೆ. ಆ ಕೂಗಿಗೆ ಕಿವಿ ಮುಚ್ಚಿಕೊಂಡರೆ ಕಾಯಿಲೆ ಹೋಗುವುದಿಲ್ಲ.

ಆದ್ದರಿಂದ ಸ್ಟೇರಿಂಗ್ ಹಿಡಿದ ತಮ್ಮಂದಿರೇ, ಗಾಡಿ ಕಾದರೆ ಮೊದಲು ಇಷ್ಟು ನೋಡಿ. ಜಾಮಿನಲ್ಲಿ ನಿಂತಾಗ ಮಾತ್ರ ಕಾಯುತ್ತಿದ್ದರೆ ಫ್ಯಾನು, ಅದರ ಫ್ಯೂಸು, ಬೆಲ್ಟಿನ ಮೇಲೆ ಅನುಮಾನ. ಹೈವೇಯಲ್ಲಿ ಓಡುವಾಗ ಕಾದರೆ ರೇಡಿಯೇಟರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ಹೊರಗಿನ ಜಾಲರಿಯಲ್ಲಿ ಹುಳು, ಧೂಳು, ಹತ್ತಿ ತುಂಬಿದ್ದರೆ ಮೆಲ್ಲಗೆ ತೊಳೆಯಿರಿ. ಬೋರಿನ ನೀರು ಬೇಡ, ಡಿಸ್ಟಿಲ್ಡ್ ನೀರು ಹಾಕಿ. ಕೂಲೆಂಟಿನ ಬಣ್ಣ ನೋಡಿ ಮೋಸ ಹೋಗಬೇಡಿ. ಬಣ್ಣ ಬರೀ ಮೇಕಪ್ಪು. ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯನ್ನೇ ಹಾಕಿ, ಕಂಡಕಂಡದ್ದನ್ನು ಬೆರೆಸಬೇಡಿ. ಉಳಿದ ಕೂಲೆಂಟನ್ನು ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಇಡಲೇಬೇಡಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ಮಕ್ಕಳು, ನಾಯಿಗಳು ಕುಡಿದ ಮೇಲೆ ಅತ್ತು ಪ್ರಯೋಜನವಿಲ್ಲ.

ಹಬೆ ಎದ್ದರೆ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬೇವಿನ ಮರದ ಕೆಳಗೆ ಅರ್ಧ ಗಂಟೆಗೂ ಮೇಲೆ ಕೂತುಬಿಡಿ. ಟವೆಲ್ ಇದೆಯೆಂದು ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡ ಬಿಟ್ಟ ಕ್ಷಣಕ್ಕೆ ಒಳಗಿನ ನೀರು ಕುದಿದು ಮುಖಕ್ಕೇ ಹಾರುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳೀತು. ಹೀರೋಗೆ ಡೂಪ್ ಇರುತ್ತಾನೆ ತಮ್ಮಾ, ನಮಗಿಲ್ಲ!

ಇಷ್ಟೆಲ್ಲ ಸರಿಪಡಿಸಿದ ಮೇಲೂ ಬಾಟಲಿ ಕೊಳ್ಳುವ ಆಸೆ ಉಳಿದಿದ್ದರೆ ನನ್ನದೇನೂ ತಕರಾರಿಲ್ಲ. ಆದರೆ ಆ ದುಡ್ಡಿಗೆ ಏ.ಸಿ. ಥಿಯೇಟರಿನಲ್ಲಿ ಗೆಳೆಯನ ಜತೆ ಎರಡು ಬಾಲ್ಕನಿ ಟಿಕೆಟ್ ತೆಗೆಸುವುದು ವಾಸಿ. ಅಲ್ಲಾದರೆ ತಂಪು ಗ್ಯಾರಂಟಿ!