ಮಾನವಮಿಯ ಮುಂದೆ ಕೌದಿ ಒಗೆತ

ನೀವು ಮಲಪ್ರಭೆಯ ದಂಡೆ ಮುಟ್ಟುವಾಗ ಬಿಸಿಲು ಇನ್ನೂ ಎಳೆಯದು. ಮಾನವಮಿ ಅಮಾವಾಸ್ಯೆ ಹತ್ತಿರವಾಗಿದೆ. ನವರಾತ್ರಿಯ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆ ಕಾಣಬೇಕು. ರಾಮದುರ್ಗದ ಸುತ್ತಿನ ಹಳ್ಳಿಗಳ ಗಂಟುಗಳು ಟ್ರ್ಯಾಕ್ಟರಿನಿಂದ ಇಳಿಯುತ್ತಿವೆ. ಕಲ್ಲು ಕಲ್ಲಿನ ಮೇಲೂ ಬಡಿತದ ಸದ್ದು. ಜಮಖಾನೆ, ಚಾದರ ಆ ಬಡಿತ ತಡೆಯುತ್ತವೆ. ಕೌದಿ ತಡೆಯುವುದಿಲ್ಲ.

ಪಕ್ಕದಲ್ಲೇ ಅತ್ತೆ ಸೊಸೆ ಕೌದಿಯ ಗಂಟು ಬಿಚ್ಚುತ್ತಾರೆ. ಇಳಕಲ್ ಸೀರೆಯ ಕೆಂಪು ಸೆರಗು, ಸವೆದ ಧೋತರ, ಹುಡುಗನ ಖಾಕಿ ಚಡ್ಡಿ, ಖಣದ ಚೂರು, ಎಲ್ಲವನ್ನೂ ಹಿಡಿದಿಟ್ಟ ಸಾಲು ಹೊಲಿಗೆ. ಅತ್ತೆಗೆ ನೀರಿಗಿಳಿಯುವ ಅವಸರವಿಲ್ಲ. ಬೆರಳಾಡಿಸಿ ಬಿಟ್ಟ ಹೊಲಿಗೆ ಹುಡುಕುತ್ತಾಳೆ, ಸಿಕ್ಕಲ್ಲಿ ಸೂಜಿ ತೆಗೆದು ನಾಲ್ಕು ಟಾಕು ಹಾಕುತ್ತಾಳೆ. ಬಿಟ್ಟ ಹೊಲಿಗೆ ಹಾಗೇ ನೀರು ಕಂಡರೆ ಒಳಗಿನ ಹಳೆ ಅರಿವೆ ಮುದ್ದೆಯಾಗಿ ಮೂಲೆ ಸೇರುತ್ತದೆ. ಆಮೇಲೆ ಬಿಳಿ ಬಟ್ಟೆಯ ತುಣುಕನ್ನು ತೋಯಿಸಿ ಕೆಂಪು ಸೆರಗಿಗೆ ಒತ್ತಿ ಹಿಡಿಯುತ್ತಾಳೆ. ತುಣುಕಿಗೆ ನಸುಗೆಂಪು ಹತ್ತಿದೆ.

‘ಅತ್ತೀ, ಸೋಡಾದಾಗ ನೆನಿ ಇಡ್ಲೇನ್ರಿ?’

‘ಬ್ಯಾಡವಾ, ಬಣ್ಣ ಹೋಗತೈತಿ. ಅಂಟವಾಳದ ನೀರು ಸಾಕು.’

ಅವಳ ಮಾತು ಸರಿ. ಸೋಡಾದ ಕ್ಷಾರ ಸೆರಗಿನ ರೇಷ್ಮೆಯನ್ನು ತಿನ್ನುತ್ತದೆ. ನೆನೆಯಿಟ್ಟರೆ ಬಿಟ್ಟ ಕೆಂಪು ಪಕ್ಕದ ಬಿಳಿಗೆ ಕೂತುಬಿಡುತ್ತದೆ. ಹರಿಯುವ ತಣ್ಣೀರಿನಲ್ಲಾದರೆ ಬಿಟ್ಟ ಬಣ್ಣ ಹೊಳೆಯ ಪಾಲು.

ಈಗ ನೀವೂ ಮೊಣಕಾಲುದ್ದ ನೀರಿನಲ್ಲಿದ್ದೀರಿ. ಒಂದು ತುದಿ ನಿಮ್ಮ ಕೈಗೆ ಬಂದಿದೆ. ಒಣಗಿದ್ದಾಗ ಮಗು ಕೂಡ ಹೊರುವ ಕೌದಿ ನೀರು ಕುಡಿದ ಮೇಲೆ ತೋಳು ಜಗ್ಗುತ್ತದೆ. ಕೌದಿಯನ್ನು ಕೊಲ್ಲುವುದು ಕೊಳೆಯಲ್ಲ, ಈ ಭಾರ. ಮೂಲೆ ಹಿಡಿದು ಎತ್ತಿದರೆ ಅಷ್ಟೂ ಭಾರ ಹಳೆಯ ದಾರಗಳ ಮೇಲೆ ಬೀಳುತ್ತದೆ. ‘ಹಿಂಡಬ್ಯಾಡ್ರಿ, ದಾರ ಹರಿತಾವು,’ ಎನ್ನುತ್ತಾಳೆ ಅತ್ತೆ. ಇಬ್ಬರೂ ಅಡಿಯಿಂದ ತೋಳು ಕೊಟ್ಟು ಎತ್ತಿ, ಇಳಿಜಾರು ಕಲ್ಲಿನ ಮೇಲೆ ಮಡಚಿ ಇಟ್ಟು, ಅಂಗೈಯಿಂದ ಒತ್ತುತ್ತೀರಿ. ನೀರು ತಾನಾಗಿ ಇಳಿಯುತ್ತದೆ. ಇಲ್ಲಿ ತಾಳ್ಮೆ ಬೇಕು, ಬಲ ಬೇಡ.

ಜಾಲಿ ಕಂಟಿಯ ಮೇಲೆ ಹರವಿದವರೂ ಇದ್ದಾರೆ. ಮುಳ್ಳಿಗೆ ಎಳೆ ಸಿಕ್ಕಿ ಹರಿಯುವುದನ್ನು ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ. ಹಗ್ಗವೂ ಬೇಡ, ಜೋತುಬಿದ್ದ ಭಾರಕ್ಕೆ ಆಕಾರ ಕೆಡುತ್ತದೆ. ಅತ್ತೆ ಹುಲ್ಲಿನ ಮೇಲೆ ಹಳೆ ಧೋತರ ಹಾಸಿ, ಅದರ ಮೇಲೆ ಕೌದಿಯನ್ನು ಬೋರಲು ಹರವುತ್ತಾಳೆ. ಬಿಸಿಲು ಬೆನ್ನಿಗೆ, ಬಣ್ಣ ನೆರಳಿಗೆ. ಮಧ್ಯಾಹ್ನ ಅಂಚು ಗರಿಗರಿಯಾದರೂ ಅವಳು ಮಡಚಲು ಬಿಡುವುದಿಲ್ಲ. ನಡುವಿನ ದಪ್ಪ ಭಾಗಕ್ಕೆ ಕೆನ್ನೆ ಹಚ್ಚಿ ನೋಡುತ್ತಾಳೆ. ಇನ್ನೂ ತಂಪು. ಆ ತಂಪು ಒಳಗೇ ಉಳಿದರೆ ಕರಿ ಚುಕ್ಕೆ ಏಳುತ್ತದೆ. ಅದು ಯಾವ ಸಾಬೂನಿಗೂ ಸುಲಭಕ್ಕೆ ಹೋಗುವ ಕಲೆಯಲ್ಲ.

ನಿಮ್ಮ ಮನೆಯಲ್ಲೂ ಅಜ್ಜಿ ಹೊಲಿದ ಕೌದಿ ಇದ್ದರೆ ದಯವಿಟ್ಟು ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ಹೊಳೆ ದೂರವಾದರೆ ದೊಡ್ಡ ಟಬ್ಬಿನ ತಣ್ಣೀರಿನಲ್ಲಿ ಮೆಲ್ಲಗೆ ತುಳಿದು ಒಗೆಯಿರಿ, ಮಾಳಿಗೆಯ ಮೇಲೆ ಬೋರಲು ಹಾಸಿ ಒಣಗಿಸಿ.